ಒಂದ ಚಿಗರಿ, ಎರಡು ಫೋಟೋ

ಪುಷ್ಯ ಮಳಿ ಈ ಸಲ ನಮ್ಮ ತಳಕಲ್ ಸೀಮ್ಯಾಗ ಮೂರು ದಿನ ಬಿಟ್ಟೂಬಿಡದೆ ಹಿಡೀತು ನೋಡ್ರಿ. ಧೋ ಅಂತ ಸುರಿಯೋದಲ್ಲ, ಜಿಟಿಜಿಟಿ. ವರ್ಷಕ್ಕ 600 ಮಿ.ಮೀ. ಆಸುಪಾಸು ಮಳಿ ಕಾಣೋ ನಾವು ಇಂಥ ಜಡಿಗೆ ಬೇಡ ಅನ್ನೂ ಹಂಗಿಲ್ಲ. ಆದ್ರ ಹೆಸರು ಹೂ ಬಿಟ್ಟು ಎಳೆಗಾಯಿ ಹಿಡಿದಿತ್ತು. ಎರಿ ಹೊಲಕ್ಕ ಕಾಲಿಟ್ರ ಚಪ್ಪಲಿ ಅಲ್ಲೇ, ಕಾಲಷ್ಟೇ ಮ್ಯಾಲ. ಔಷಧ ಹೊಡೆಯಾಕ ಆಗೂದಿಲ್ಲ, ಕಸ ತೆಗೆಸಾಕ ಆಗೂದಿಲ್ಲ. ಹಂಗಂತ ಮನ್ಯಾಗ ಕೂಡೂದೂ ಆಗೂದಿಲ್ಲ. ಮನುಷ್ಯರು ಹೊಲಕ್ಕ ಬರೂದಿಲ್ಲ ಅಂತ ಗೊತ್ತಾದ ಕೂಡ್ಲೇ ಚಿಗರಿ ಬರ್ತಾವ.

ಅದ ಹೊತ್ತಿಗೆ ಹುಬ್ಬಳ್ಳಿಯಿಂದ ನಮ್ಮಕ್ಕನ ಮಗನ ಫೋನ್ ಬಂತು. ಹೊಸಾ ಕ್ಯಾಮೆರಾ ತಗೊಂಡಾನ. ದಾಂಡೇಲಿ ಕಡೆ ಕಾಡಿನಾಗ ಕಟ್ಟಿಗಿ ಮನಿ ಹಿಡಿದು, ಮಳ್ಯಾಗ ಪ್ರಾಣಿ-ಪಕ್ಷಿ ಫೋಟೋ ತೆಗೀಬೇಕು ಅನ್ನೂ ಆಸೆ. "ಅಷ್ಟು ರೊಕ್ಕ ಯಾಕ ಖರ್ಚು ಮಾಡ್ತಿ ತಮ್ಮಾ, ರೈಲು ಹತ್ತಿ ತಳಕಲ್ಲಿನಾಗ ಇಳಿ. ನಮ್ಮ ಪತ್ರಾಸ್ ಶೆಡ್ಡಿನಾಗ ಎರಡು ದಿನ ಇರು" ಅಂದೆ. ಬಂದ. ಚಿಗರಿ ತೋರಸ್ತೀನಿ ಅಂದ್ರ "ಮಾಮಾ, ನಮ್ಮೂರಾಗ ಚಿಗರಿ ಅಂದ್ರ ಬಸ್ಸು" ಅಂತ ನಕ್ಕ. ಖರೇನ ಅದು, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಅದ ಹೆಸರು ಇಟ್ಟಾರ. ಓಟಕ್ಕ ಇಟ್ಟ ಹೆಸರು.

ಪುಸ್ತಕದಾಗ ಇದಕ್ಕ ಕೃಷ್ಣಮೃಗ ಅಂತಾರ. ಗಂಡಿಗೆ ತಿರುಚಿದ ಕೊಂಬು, ಕಪ್ಪು-ಕಂದು ಬೆನ್ನು, ಬಿಳಿ ಹೊಟ್ಟಿ. ಹೆಣ್ಣು ಮಣ್ಣಿನ ಬಣ್ಣದ್ದು. ಫೋಟೋ ಹುಚ್ಚಿನವರು ಕರಡಿಗೆ ದರೋಜಿಗೆ ಹೋಗ್ತಾರ, ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತಿಗೆ ಗದಗ ಜಿಲ್ಲೆಯ ಮಾಗಡಿ ಕೆರಿಗೆ ಹೋಗ್ತಾರ. ನಮ್ಮ ಜಿಲ್ಲಾದಾಗ ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಕ್ಕಂತನ ಧಾಮ ಐತಿ. ಕೃಷ್ಣಮೃಗಕ್ಕ ಅಂದ್ರ ರಾಣೇಬೆನ್ನೂರು, 1974ರಿಂದ. ತಳಕಲ್ಲಿಗೆ ಯಾರೂ ಹಂಗ ಬರೂದಿಲ್ಲ. ಆದ್ರ ಈ ಪ್ರಾಣಿಗೆ ದಟ್ಟ ಕಾಡು ಬೇಕಾಗಿಲ್ಲ, ಬಯಲು ಹುಲ್ಲುಗಾವಲು ಬೇಕು. ಗಾಂವಠಾಣ, ಗೋಮಾಳ, ಬೀಳು ಎಲ್ಲಾ ನಾವು ಹರಗಿದ ಮ್ಯಾಲ ಅದಕ್ಕ ಉಳಿದ ಹುಲ್ಲುಗಾವಲು ನಮ್ಮ ಹೆಸರಿನ ಹೊಲನ. ಅದಕ್ಕ ಗೊತ್ತಿಲ್ಲ, ಅದರಾಗ ನಮ್ಮ ಬೀಜದ ಸಾಲ ಐತಿ ಅಂತ.

ಹುಡುಗನಿಗೆ ಬೇಕಾದದ್ದು ಚಿಗರಿ ಗಾಳ್ಯಾಗ ಜಿಗಿಯೋ ಫೋಟೋ. ಮೊಬೈಲಿನಾಗ ಅಂಥವು ಬಾಳ ನೋಡ್ಯಾನ. "ಮಾಮಾ, ನೀವು ಆ ಕಡೆಯಿಂದ ಸ್ವಲ್ಪ ಓಡಸ್ರಿ, ನಾ ಈ ಕಡೆ ನಿಂತಿರ್ತೀನಿ" ಅಂದ. ಆಗೂದಿಲ್ಲ ಅಂದೆ. ಬಿಸಿಲಾಗ ಗಟ್ಟಿ ನೆಲದ ಮ್ಯಾಲ ಚಿಗರಿಗೆ ಯಾರೂ ಸಾಟಿ ಇಲ್ಲ. ಹಸಿ ಎರ್‍ಯಾಗ ಅದರ ಸಣ್ಣ ಗೊರಸು ಹೂತು ಬೀಳ್ತಾವ, ಮಣ್ಣು ಹೆಂಟಿ ಹೆಂಟಿ ಹತ್ತಿಕೊಳ್ತೈತಿ. ಎರಡು ವರ್ಷದ ಹಿಂದ ಇಂಥದ ಮಳ್ಯಾಗ ಯಾರೋ ಹುಡುಗರು ಬೈಕ್ ಮ್ಯಾಲ ಬಂದು ರೀಲ್ಸ್ ಮಾಡಾಕ ಹಿಂಡು ಬೆನ್ನಟ್ಟಿದ್ರು. ಗಬ್ಬದ ಹೆಣ್ಣೊಂದು ಹಿಂದ ಬಿತ್ತು. ಹುಡುಗರು ನಗ್ಗೋತ ಹೋದ್ರು. ನಾಯಿ ಹೋಗಲಿಲ್ಲ. ನಾ ಕೋಲು ತಗೊಂಡು ಆ ರಾಡ್ಯಾಗ ಏಳೂದು ಬೀಳೂದು ಮಾಡ್ಕೋತ ಮುಟ್ಟೂದ್ರಾಗ ಎಲ್ಲಾ ಮುಗಿದಿತ್ತು. ಆ ರೀಲ್ಸಿಗೆ ಎಷ್ಟು ಲೈಕ್ ಬಂತೋ ಏನೋ.

ಇದನ್ನ ಹೇಳಿದ ಮ್ಯಾಲ ಹುಡುಗ ಸುಮ್ಮನಾದ. ಶೆಡ್ಡಿನಾಗ ಕುಂತ್ವಿ.

ಕೂಡೂದಕ್ಕೂ ಒಂದು ರೀತಿ ಐತ್ರಿ. ಬಾಗಿಲದಾಗ ಕೂಡಬಾರದು, ಎರಡು ಮಾರು ಒಳಗ ಕತ್ತಲ್ಯಾಗ ಕೂಡಬೇಕು. ಹೊರಗಿನ ಬೆಳಕಿಗೆ ಒಳಗಿನ ಮನುಷ್ಯ ಕಾಣೂದಿಲ್ಲ. ಪತ್ರಾಸಿನ ಮ್ಯಾಲ ಬೀಳೋ ಮಳಿ ಸಪ್ಪಳಕ್ಕ ಕ್ಯಾಮೆರಾದ ಕಟಕ್ ಹೊರಗ ಕೇಳೂದಿಲ್ಲ. ಹುಡುಗ ಹೊರಗಿನ ತಂಪಿನಾಗ ಇಟ್ಟಿದ್ದ ಲೆನ್ಸನ್ನ ಒಲಿ ಹತ್ರ ತಂದ, ಚಹಾ ಕುದಿಯೋ ಹಬಿಗೆ ಪೂರಾ ಮಂಜು ಹಿಡೀತು. ಆರಾಕ ಅರ್ಧಾ ತಾಸು. ಒಂದು ಸಂಗತಿ ಅವನಿಂದ ನಾನೂ ಕಲಿತೆ: ಶಟರ್ 1/60ರ ಹತ್ರ ಇಟ್ರ ಮಳಿ ಗೆರಿ ಗೆರಿಯಾಗಿ ಬೀಳ್ತೈತಿ, 1/500ರ ಮ್ಯಾಲ ಇಟ್ರ ಹನಿ ಹನಿಯಾಗಿ ನಿಲ್ತೈತಿ. ಹಿಂದ ಕಪ್ಪನ್ನ ಬೇವಿನ ಗಿಡನೋ, ಎರಿ ನೆಲನೋ ಇರಬೇಕು. ಬಿಳಿ ಮುಗಿಲು ಇದ್ರ ಮಳಿ ಕಾಣೂದ ಇಲ್ಲ.

ಕಾಯೋ ಹೊತ್ತಿಗೆ ಅವನಿಗೆ ಸಂಡೂರಿನ ಎಂ.ವೈ. ಘೋರ್ಪಡೆಯವರ ಸುದ್ದಿ ಹೇಳಿದೆ. ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಪ್ಪು-ಬಿಳುಪಿನ ವನ್ಯಜೀವಿ ಫೋಟೋಕ್ಕ ದೊಡ್ಡ ಹೆಸರು, 'ಸನ್‌ಲೈಟ್ ಅಂಡ್ ಶ್ಯಾಡೋಸ್' ಅಂತ ಪುಸ್ತಕನೂ ಐತಿ. ಆಗ ಒಂದು ರೋಲಿಗೆ 36 ಫೋಟೋ. ಇವನು ಅಷ್ಟೊತ್ತಿಗಾಗಲೇ ಒಂದು ಕಾಗಿದು 200 ತೆಗೆದಿದ್ದ.

ನಾಲ್ಕು ಗಂಟೆ ಸುಮಾರಿಗೆ ಬಂದ್ವು. ಹದಿನಾಲ್ಕು. ಮುಂದ ಒಂದು ಹಳೇ ಹೆಣ್ಣು, ಹಿಂದ ಮರಿ, ಎಲ್ಲಾಕಿಂತ ಹಿಂದ ಗಂಡು. ಬದುವಿನ ಮ್ಯಾಲ ನಿಂತು ಗಂಡು ಮೈ ಝಾಡಿಸಿತು. ಮೂತಿಯಿಂದ ಬಾಲದ ತನಕ ನೀರು ಸುತ್ತಲೂ ಚಕ್ರದಂಗ ಹಾರಿತು. ಕೊಂಬಿನ ತುದ್ಯಾಗ ಒಂದು ಹೆಸರಿನ ಬಳ್ಳಿ ಸಿಕ್ಕಿಕೊಂಡು ಜೋತಾಡ್ತಿತ್ತು, ನಂದ ಹೆಸರು. ಹುಡುಗ ಉಸಿರು ಬಿಗಿಹಿಡಿದು ತೆಗೀತಿದ್ದ. ನಾನೂ ನೋಡ್ತಿದ್ದೆ. ಚಂದ ಇತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಅವನು ಕ್ಯಾಮೆರಾದಾಗ ಎಣಿಸೂದು ಫೋಟೋ, ನಾ ಎಣಿಸೂದು ಸಾಲು. ಒಂದು ಸಾಲು, ಎರಡು ಸಾಲು, ಎಳೆಗಾಯಿ ತುದಿ ಕಟಕ್ ಕಟಕ್.

ಆಗ ನಾ ನನ್ನ ಮೊಬೈಲು ತೆಗೆದೆ. ಜಿಪಿಎಸ್ ಕ್ಯಾಮೆರಾ ಆ್ಯಪಿನಾಗ ಚಿಗರಿ, ತಿಂದ ಸಾಲು, ಬದುವಿನ ಕಲ್ಲು, ಮೂರೂ ಒಂದ ಚೌಕಟ್ಟಿನಾಗ ಬರೂ ಹಂಗ ನಾಲ್ಕು ಫೋಟೋ. ಬೆಳೆಹಾನಿ ಪರಿಹಾರದ ಅರ್ಜಿಗೆ ತಾರೀಖು, ಹೊತ್ತು, ಜಾಗದ ಗುರುತು ಇದ್ದಷ್ಟು ಚಲೋ. ನನ್ನ ಫೋಟೋದಾಗ ಚಿಗರಿ ಅರ್ಧಂಬರ್ಧ, ಮಸುಕು ಮಸುಕು. ಇರ್‍ಲಿ, ಅದು ಸಾಕ್ಷಿ.

"ಈಗ ಓಡಸೂಣೇನು ಮಾಮಾ?" ಅಂದ, ಸಣ್ಣ ದನಿಯಾಗ. ಓಡಸೂದಲ್ಲ, ಏಳಸೂದು ಅಂದೆ. ಎರಿ ಕಡೆಯಿಂದ ನಾನ ತಾಟು ಬಡ್ಕೋತ ನಿಧಾನಕ್ಕ ನಡೆದೆ. ಪಡುವಣಕ್ಕ ಮಸಾರಿ ನೆಲ ಐತಿ, ಆ ಕಡೆ ದಾರಿ ಬಿಟ್ಟಿದ್ದೆ. ಗಟ್ಟಿ ನೆಲ ಸಿಕ್ಕ ಕೂಡ್ಲೇ ಹಳೇ ಹೆಣ್ಣು ಒಂದು ಜಿಗಿತ ಜಿಗೀತು, ಹಿಂದ ಎಲ್ಲಾ ಜಿಗಿದ್ವು. ಹುಡುಗನಿಗೆ ಅವನ ಫೋಟೋನೂ ಸಿಕ್ತು. ಸ್ವಲ್ಪ ದೂರ ಐತಿ, ಆದ್ರ ನಾಲ್ಕೂ ಕಾಲು ನೆಲ ಬಿಟ್ಟಾವ.

ಈ ಬರಹದ ಜೋಡಿ ಹಾಕಿದ್ದು ಅವನ ಫೋಟೋ, ಮೈ ಝಾಡಿಸೂದು. ಯಾವ ಹೊಲ, ಯಾವ ಸರ್ವೆ ನಂಬರ್ ಅಂತ ಕಮೆಂಟಿನಾಗ ಕೇಳಬ್ಯಾಡ್ರಿ, ಹೇಳೂದಿಲ್ಲ. ಫೈಲಿನಾಗಿನ ಜಾಗದ ಗುರುತನ್ನೂ ತೆಗೆಸೀನಿ. ಬೈಕಿನವರು ಓದ್ತಾರ, ಉರುಲು ಹಾಕೋರೂ ಓದ್ತಾರ. 1972ರ ಕಾಯ್ದೆ ಪ್ರಕಾರ ಇದು ಮೊದಲನೇ ಅನುಸೂಚಿಯ ಪ್ರಾಣಿ, ಕೊಂದ್ರ ಮೂರು ವರ್ಷಕ್ಕ ಕಡಿಮಿ ಇಲ್ಲದ ಜೈಲು. ಆದ್ರ ಜೈಲು ಆಮ್ಯಾಲಿನ ಮಾತು, ಅಷ್ಟೊತ್ತಿಗೆ ಚಿಗರಿ ಇರೂದಿಲ್ಲ.

ಗುರುತು ಇರೋ ಆ ನಾಲ್ಕು ಮಸುಕು ಫೋಟೋ ಅರ್ಜಿ ಜೋಡಿ ಹೋಗ್ಯಾವ. ನಮ್ಮನ್ಯಾಕಿ ಸಾಲು ಎಣಿಸಿ ಬಂದಾಳ: ಹನ್ನೊಂದು ಸಾಲು ತುದಿ ಇಲ್ಲ. ಉಳಿದದ್ದನ್ನ ಬಿಸಿಲು ಬಿದ್ದ ಕೂಡ್ಲೇ ಬಿಡಿಸಬೇಕು. ಜಡಿ ಹಿಂಗ ಮುಂದುವರೆದ್ರ ಕಾಯ್ಯಾಗನ ಮೊಳಕಿ ಒಡೀತಾವ.