ಕಾಡ್ಗಿಚ್ಚಿನ ಪಾಠಶಾಲೆ

ಖಾಂಡವದಹನದ ಕಥೆಯನ್ನು ಕೇಳಿ ಬೆಳೆದವರಿಗೆ ಕಾಡ್ಗಿಚ್ಚು ಹೊಸ ಮಾತಲ್ಲ. ಆದರೆ ಅದನ್ನು ಆರಿಸುವುದೂ ಒಂದು ವಿದ್ಯೆ, ಆ ವಿದ್ಯೆಗೆ ಪಾಠಶಾಲೆಗಳುಂಟು, ಪರೀಕ್ಷೆಗಳುಂಟು ಎಂಬುದು ಅಮೆರಿಕಾದ ಮಾಂಟಾನಾ ಸಂಸ್ಥಾನವನ್ನು ನೋಡುವವರೆಗೆ ನಮಗೆ ತಿಳಿದಿರಲಿಲ್ಲ.

ಆ ಸಂಸ್ಥಾನದ ಪಶ್ಚಿಮಭಾಗದಲ್ಲಿ ಮಿಸೂಲಾ ಎಂಬ ಪಟ್ಟಣವಿದೆ. ಸುತ್ತಲೂ ಬೆಟ್ಟಗಳು, ಅವುಗಳ ಮೇಲೆ ದೇವದಾರುವಿನಂತಹ ಸೂಜಿಯೆಲೆಯ ಮರಗಳು. ವಿಮಾನನಿಲ್ದಾಣದ ಮಗ್ಗುಲಲ್ಲಿಯೇ ಅರಣ್ಯ ಇಲಾಖೆಯವರ ಒಂದು ಠಾಣೆ. ದಾರಿಯಿಲ್ಲದ ಕಾಡಿನಲ್ಲಿ ಸಿಡಿಲು ಬಡಿದು ಬೆಂಕಿ ಹುಟ್ಟಿದರೆ, ಅದು ಬೆಳೆಯುವ ಮೊದಲೇ ವಿಮಾನದಿಂದ ಗಾಳಿಕೊಡೆಯ ಸಹಾಯದಿಂದ ಧುಮುಕಿ ಆರಿಸುವವರು ಇಲ್ಲಿ ತಯಾರಾಗುತ್ತಾರೆ. 1940ರ ಜುಲೈ 12ರಂದು ನೆರೆಯ ಐಡಹೋ ಸಂಸ್ಥಾನದ ಕಾಡಿನಲ್ಲಿ ಇಬ್ಬರು ಮೊಟ್ಟಮೊದಲು ಹೀಗೆ ಬೆಂಕಿಯ ಬಳಿಗಿಳಿದರು.

ಒಳಗೆ ಕಾಲಿಟ್ಟೊಡನೆ ಕಂಡದ್ದು ಹೊಲಿಗೆಯ ಯಂತ್ರಗಳ ಸಾಲು! "ಇದೇನು, ದರ್ಜಿಯ ಅಂಗಡಿಗೆ ಬಂದೆವೇ?" ಎಂದು ನಮ್ಮ ಮನೆಯವರು ನಕ್ಕರು. ಧುಮುಕುವವರು ತಮ್ಮ ದಪ್ಪ ಅಂಗಿಗಳನ್ನೂ ಚೀಲಗಳನ್ನೂ ತಾವೇ ಹೊಲಿದುಕೊಳ್ಳುವರಂತೆ. ಹರಿದ ಗಾಳಿಕೊಡೆಯನ್ನು ಎತ್ತರದ ಗೋಪುರದಲ್ಲಿ ತೂಗುಹಾಕಿ ಪರೀಕ್ಷಿಸಿ ತೇಪೆ ಹಾಕುವರಂತೆ. ಎಲ್ಲಿ ಹೊಲಿಗೆಯ ಮೇಲೆ ಪ್ರಾಣವು ತೂಗುತ್ತಿರುವುದೋ ಅಲ್ಲಿ ಆ ಕೆಲಸ ಸಣ್ಣದೆಂದು ಯಾರು ಹೇಳಬಲ್ಲರು?

ಕಾಡ್ಗಿಚ್ಚಿನ ಎದುರಿಗೆ ನಿಲ್ಲಬೇಕೆಂಬ ಸಾಮಾನ್ಯ ಅಭ್ಯರ್ಥಿಯೂ 45 ಪೌಂಡು ಹೊರೆ ಹೊತ್ತು 3 ಮೈಲಿಯನ್ನು 45 ನಿಮಿಷಗಳೊಳಗೆ ನಡೆಯಬೇಕು. ಧುಮುಕುವವರಿಗೆ ಹೊರೆ 110 ಪೌಂಡು. ಕಾಲ ಒಂದೂವರೆ ಗಂಟೆ. ಇದು ಮೈಯ ಪರೀಕ್ಷೆಯಾಯಿತು. ಗಾಳಿ, ಇಳಿಜಾರು, ಒಣಹುಲ್ಲು ಇವುಗಳ ಸ್ವಭಾವವನ್ನು ಅರಿಯುವುದು ಬುದ್ಧಿಯ ಪರೀಕ್ಷೆ. ಬೆಂಕಿಯು ಮೇಲಿನ ಇಂಧನವನ್ನು ಮೊದಲೇ ಕಾಯಿಸುವುದರಿಂದ ಇಳಿಜಾರನ್ನು ಹತ್ತುವಾಗ ಅದರ ವೇಗ ಹೆಚ್ಚುತ್ತದೆ. ಮನುಷ್ಯನ ವೇಗವಾದರೋ ಅಲ್ಲಿಯೇ ಕುಂದುತ್ತದೆ.

ಇನ್ನೊಂದು ಕೊಠಡಿಯ ವಿದ್ಯೆ ಬೇರೆ. ಅಲ್ಲಿ ಹೊಗೆಯಿಲ್ಲ, ನಕ್ಷೆ, ಗಣಕಯಂತ್ರ, ರೇಡಿಯೋ ಇಷ್ಟೇ. ಬೆಟ್ಟದ ನೆತ್ತಿಯ ಕಾವಲುಗಾರನು ಹೊಗೆ ಕಂಡ ದಿಕ್ಕನ್ನು ತಿಳಿಸುತ್ತಾನೆ. ಮತ್ತೊಂದು ಬೆಟ್ಟದಿಂದ ಮತ್ತೊಂದು ದಿಕ್ಕು ಬರುತ್ತದೆ. ಎರಡು ಗೆರೆಗಳು ನಕ್ಷೆಯಲ್ಲಿ ಕೂಡಿದ ಸ್ಥಳವೇ ಬೆಂಕಿಯ ಸ್ಥಳ. ಅಲ್ಲಿಗೆ ಯಾರನ್ನು ಕಳುಹಬೇಕು, ಯಾವ ವಿಮಾನ ಹೊರಡಬೇಕು ಎಂಬುದೆಲ್ಲಾ ಆ ಕೊಠಡಿಯವರ ಹೊಣೆ. ಕಲಿಯುತ್ತಿದ್ದ ಒಬ್ಬ ತರುಣಿಯು ಕೇಳಿದ ಪ್ರತಿಯೊಂದು ಮಾತನ್ನೂ ತಿರುಗಿ ಹೇಳಿ, ಹೊತ್ತನ್ನು ಬರೆದುಕೊಳ್ಳುತ್ತಿದ್ದಳು. ಒಂದೊಂದು ಕೆಲಸವನ್ನೂ ಮಾಡಿ ತೋರಿಸಿದ ಮೇಲೆ ಹಿರಿಯರು ಅವಳ ಪುಸ್ತಕದಲ್ಲಿ ರುಜು ಹಾಕುವರಂತೆ. ಇಷ್ಟೊಂದು ಪುನರುಕ್ತಿ ಏತಕ್ಕೆಂದು ನನಗೆ ಆಗ ಅರ್ಥವಾಗಲಿಲ್ಲ.

ಮರುದಿನ ಹೆಲೆನಾ ನಗರದ ಕಡೆಗೆ ಹೋಗಿ, ಮಿಸೌರಿ ನದಿಯಲ್ಲಿ ದೋಣಿಯನ್ನೇರಿದೆವು. ಎರಡೂ ದಡಗಳಲ್ಲಿ ಸುಣ್ಣಕಲ್ಲಿನ ಗೋಡೆಗಳು. ಅವುಗಳನ್ನು ದಾಟಿದ ಮೇಲೆ ಬಲು ಕಡಿದಾದ, ಹುಲ್ಲು ಬೆಳೆದ ಒಂದು ಕಮರಿ. ಅದರ ಹೆಸರು ಮಾನ್ ಗಲ್ಚ್.

1949ರ ಆಗಸ್ಟ್ 5ರ ಮಧ್ಯಾಹ್ನ ಮಿಸೂಲಾದಿಂದ ಬಂದ 15 ಮಂದಿ ಇಲ್ಲಿ ಧುಮುಕಿದರು. ಬಹುಮಂದಿ ಇನ್ನೂ ಕಾಲೇಜಿನ ಹುಡುಗರು. ಅವರ ರೇಡಿಯೋವನ್ನು ಹೊತ್ತ ಗಾಳಿಕೊಡೆಯೊಂದು ಮಾತ್ರ ಬಿಚ್ಚಿಕೊಳ್ಳಲಿಲ್ಲ. ರೇಡಿಯೋ ನೆಲಕ್ಕಪ್ಪಳಿಸಿ ಪುಡಿಯಾಯಿತು. ಹೊರಗಿನ ಲೋಕದೊಡನೆ ಅವರ ಮಾತು ಅಲ್ಲಿಗೆ ನಿಂತಿತು. ಅದುವರೆಗೆ ಒಬ್ಬನೇ ಬೆಂಕಿಯೊಡನೆ ಹೋರಾಡುತ್ತಿದ್ದ ಅರಣ್ಯದ ಕಾವಲುಗಾರನೊಬ್ಬನು ಅವರನ್ನು ಕೂಡಿಕೊಂಡನು. ಎಲ್ಲರೂ ನದಿಯ ಕಡೆಗೆ ಇಳಿಯುತ್ತಿರಲು, ಬೆಂಕಿ ಕಮರಿಯನ್ನು ದಾಟಿ ಮುಂದುಗಡೆಯೇ ಎದ್ದಿತು. ತಿರುಗಿ ಬೆಟ್ಟವನ್ನೇರಿದರು, ಬೆಂಕಿಯೂ ಬೆನ್ನಟ್ಟಿತು. ನಾಯಕ ವ್ಯಾಗ್ನರ್ ಡಾಡ್ಜ್ ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಬೆಂಕಿಯಿಟ್ಟು, ಸುಟ್ಟ ನೆಲಕ್ಕೆ ಬನ್ನಿರೆಂದು ಕೂಗಿದನು. ಒಮ್ಮೆ ಸುಟ್ಟದ್ದು ಮತ್ತೆ ಸುಡದು. ನಮ್ಮ ಬಂಡೀಪುರದಲ್ಲಿ ಬೇಸಗೆಗೆ ಮುಂಚೆ ಬೆಂಕಿರೇಖೆಗಳನ್ನು ಸುಡುವುದೂ ಈ ತತ್ತ್ವದಿಂದಲೇ. ಆದರೆ ಹುಡುಗರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಬೆಂಕಿಗೆ ಬೆಂಕಿಯಿಡುವವನಿಗೆ ಹುಚ್ಚೆಂದು ಭಾವಿಸಿದರೋ, ಕೂಗು ಕೇಳಿಸಲಿಲ್ಲವೋ, ಯಾರೂ ಬರಲಿಲ್ಲ. ಡಾಡ್ಜ್ ಬೂದಿಯಲ್ಲಿ ಮುಖವಿಟ್ಟು ಮಲಗಿ ಉಳಿದನು. ಇಬ್ಬರು ಬಂಡೆಯ ಸಂದಿನಲ್ಲಿ ನುಸುಳಿ ಪಾರಾದರು. ಉಳಿದ 13 ಮಂದಿಯೂ ಸತ್ತರು.

ಅವರವರು ಬಿದ್ದ ಕಡೆಯಲ್ಲಿಯೇ ನಿಲ್ಲಿಸಿದ ಗುರುತುಗಳು ಇಂದಿಗೂ ಇವೆ. ಏದುಸಿರು ಬಿಡುತ್ತಾ ಅವುಗಳ ನಡುವೆ ಏರುವಾಗ, ಬೆಟ್ಟದ ನೆತ್ತಿ ಎಷ್ಟು ಹತ್ತಿರವಿತ್ತೆಂದು ತಿಳಿದು ಮನಸ್ಸು ಕರಗಿತು.

ರೇಡಿಯೋ ಉಳಿದಿದ್ದರೆ ಅವರೂ ಉಳಿಯುತ್ತಿದ್ದರೆಂದು ಹೇಳಲಾಗದು. ಆದರೆ 1957ರಲ್ಲಿ ಅರಣ್ಯ ಇಲಾಖೆಯವರು ಇಂತಹ ದುರಂತಗಳನ್ನು ವಿಮರ್ಶಿಸಿ ಹತ್ತು ಆಜ್ಞೆಗಳನ್ನು ಗೊತ್ತುಮಾಡಿದರು. ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು, ಕಾವಲಿಡಬೇಕು, ಸುದ್ದಿಯ ಸಂಬಂಧ ಕಡಿಯಗೊಡಬಾರದು ಎಂಬುವು ಅವುಗಳಲ್ಲಿ ಸೇರಿವೆ. ಮಿಸೂಲಾದ ತರುಣಿಯು ಪ್ರತಿಯೊಂದು ಮಾತನ್ನೂ ತಿರುಗಿ ಹೇಳುತ್ತಿದ್ದುದು ಏತಕ್ಕೆಂದು ನನಗೆ ಆಗ ತಿಳಿಯಿತು. ಬೆಟ್ಟದ ಮೇಲಿರುವವನಿಗೆ ತನ್ನ ಮಾತು ಒಬ್ಬರಿಗೆ ಮುಟ್ಟಿತೆಂಬ ಧೈರ್ಯ ಬೇಕು. ಮನೆಯಿಂದ ಮಕ್ಕಳನ್ನು ಇಂತಹ ಕೆಲಸಕ್ಕೆ ಕಳುಹುವ ತಾಯಿತಂದೆಗಳಿಗೂ ಅದೇ ಧೈರ್ಯ.