ನಾವೆಯೋ ಪೆಟ್ಟಗವೋ

2018ನೇ ಇಸವಿ. ಓಣಂ ರಜೆ ಮುಗಿದು ಶಾಲೆ ತೆರೆದಿತ್ತು. ಜಗಲಿಯ ತುಂಬ ಅಕ್ಕಿಯ ಗೋಣಿ, ಬೈರಾಸು, ಸಾಬೂನು, ಮಕ್ಕಳು ಮನೆಮನೆಯಿಂದ ತಂದ ಬಟ್ಟೆಯ ಗಂಟುಗಳು. ಆ ಸಲದ ನೆರೆಯಲ್ಲಿ ನಮ್ಮ ಕಾಸರಗೋಡಿಗೆ ಬಿದ್ದ ಪೆಟ್ಟು ಕಡಿಮೆ. ತೆಂಕಣ ಜಿಲ್ಲೆಗಳಿಗೆ ಕಳುಹಿಸುವ ಸಾಮಾನಿನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಂಟು ಕಟ್ಟುತ್ತಿದ್ದ ಮಲಯಾಳ ವಿಭಾಗದ ಒಬ್ಬಳು ಹುಡುಗಿ, ಎಂಟನೆಯ ತರಗತಿಯವಳು, ಕೈ ನಿಲ್ಲಿಸಿ ಕೇಳಿದಳು: "ಮಾಷೇ, ನೋಹನ ಕಾಲದ ಪ್ರಳಯ ನಿಜವಾಗಿ ಆದದ್ದೇ?"

ನಾನು ತಲೆಯೆತ್ತದೆ ಹೇಳಿದೆ: "ಅದೆಲ್ಲ ಕಟ್ಟುಕಥೆ ಮೋಳೇ. ಅಷ್ಟು ನೀರು ಭೂಮಿಯಲ್ಲಿ ಎಲ್ಲಿದೆ?"

ಲೆಕ್ಕವನ್ನೂ ಒಪ್ಪಿಸಿದೆ. ಆಕಾಶದಲ್ಲಿರುವ ಆವಿಯೆಲ್ಲ ಒಮ್ಮೆಗೇ ಮಳೆಯಾಗಿ ಸುರಿದರೂ ಭೂಮಿಯ ಮೇಲೆ ನಿಲ್ಲುವುದು ಒಂದು ಅಂಗುಲದಷ್ಟು ನೀರು. ಧ್ರುವಗಳ ಮಂಜುಗಡ್ಡೆ ಪೂರ್ತಿ ಕರಗಿದರೆ ಕಡಲು ಏರುವುದು ಹೆಚ್ಚೆಂದರೆ 70 ಮೀಟರ್. ಎವರೆಸ್ಟಿನ ಎತ್ತರವೋ 8,849 ಮೀಟರ್. ಹುಡುಗಿ "ಶರಿ ಮಾಷೇ" ಎಂದು ಗಂಟು ಬಿಟ್ಟು ಹೋದಳು.

ಊಟದ ಹೊತ್ತಿಗೆ ಮಲಯಾಳ ವಿಭಾಗದ ಮಾಷ್ ನನ್ನ ಬಳಿ ಬಂದು ಕುಳಿತರು. ತಿರುವಿದಾಂಕೂರಿನಿಂದ ನಮ್ಮ ಮೂಡಣ ಗುಡ್ಡಗಳಿಗೆ ವಲಸೆ ಬಂದ ಕ್ರೈಸ್ತ ಕುಟುಂಬ ಅವರದು. ಹುಡುಗಿಯದೂ ಅಂಥದೇ ಮನೆ. ಅವಳ ಅಮ್ಮಚ್ಚಿ ಪಂಪಾ ನದಿಯ ಬದಿಯವರು. ಎರಡು ರಾತ್ರಿ ತಾರಸಿಯ ಮೇಲೆ ಕುಳಿತು, ಮೀನುಗಾರರ ದೋಣಿಯಲ್ಲಿ ಪಾರಾಗಿ, ಈಗ ಕ್ಯಾಂಪಿನಲ್ಲಿದ್ದರು. ಇತ್ತ ಮೊಬೈಲುಗಳಲ್ಲಿ, ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ, ನೋಹನ ಕಾಲದಲ್ಲಿ ಆದಂತೆಯೇ ಎಂಬ ಸಂದೇಶಗಳು ಹರಿದಾಡುತ್ತಿದ್ದವು. (ಈ ವಿಷಯದಲ್ಲಿ ಯಾವ ಮತದವರೂ ಹಿಂದೆ ಬಿದ್ದಿರಲಿಲ್ಲ. ಒಬ್ಬೊಬ್ಬರು ಒಂದೊಂದು ಪಾಪವನ್ನು ಹುಡುಕಿ ಕೊಟ್ಟಿದ್ದರು.) "ಅಮ್ಮಚ್ಚಿ ಏನು ಪಾಪ ಮಾಡಿದ್ದರು ಎಂದು ಆ ಮಗು ಕೇಳುತ್ತಿದೆ, ಮಾಷೇ" ಎಂದರು.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವಳು ಕೇಳಿದ್ದು ನೀರಿನ ಲೆಕ್ಕವನ್ನಲ್ಲ.

ಅಂದು ಸಂಜೆ ಆ ಮಾಷ್ ತಮ್ಮ ಮಲಯಾಳ ಬೈಬಲ್ಲನ್ನು ಕೊಟ್ಟರು. ಮನೆಯಲ್ಲಿದ್ದ ಕನ್ನಡದ್ದನ್ನೂ ಪಕ್ಕದಲ್ಲಿಟ್ಟು ಆದಿಕಾಂಡವನ್ನು ಓದಿದೆ. ಕನ್ನಡದಲ್ಲಿ 'ನೋಹನ ನಾವೆ'. ಮಲಯಾಳದಲ್ಲಿ 'ನೋಹಯುಡೆ ಪೆಟ್ಟಗಂ', ಅಂದರೆ ಪೆಟ್ಟಿಗೆ. ಮೊದಲಿಗೆ ನಗು ಬಂತು. ಆಮೇಲೆ ತಿಳಿದದ್ದು, ಹೀಬ್ರೂ ಮೂಲಕ್ಕೆ ಮಲಯಾಳವೇ ಹತ್ತಿರ. ಅಲ್ಲಿರುವ 'ತೇವಾ' ಎಂಬ ಶಬ್ದಕ್ಕೆ ಪೆಟ್ಟಿಗೆ ಎಂದೇ ಅರ್ಥ. ಬೈಬಲಿನಲ್ಲಿ ಅದು ಇನ್ನೊಂದೇ ಕಡೆ ಬರುತ್ತದೆ: ಹಸುಗೂಸು ಮೋಶೆಯನ್ನು ನೈಲ್ ನದಿಯ ಅಂಚಿನಲ್ಲಿ ಮಲಗಿಸಿಟ್ಟ ಬುಟ್ಟಿಗೆ. ನೋಹನ ಪೆಟ್ಟಿಗೆಗೆ ಹಾಯಿ, ಹುಟ್ಟು, ಚುಕ್ಕಾಣಿ ಯಾವುದನ್ನೂ ಕಥೆ ಹೇಳುವುದಿಲ್ಲ. ಉದ್ದ 300 ಮೊಳ, ಅಗಲ 50, ಎತ್ತರ 30. ಒಳಗೆ ಕುಳಿತು ಬಾಗಿಲು ಮುಚ್ಚಿಸಿಕೊಳ್ಳುವುದು, ಅಷ್ಟೇ.

ಅಕ್ಷರಶಃ ನಂಬಬೇಕು ಎನ್ನುವವರು ಈ ಕೆಲವು ಪುಟಗಳನ್ನೇ ಇನ್ನೊಮ್ಮೆ ನಿಧಾನವಾಗಿ ಓದಬೇಕು. ಒಂದು ಕಡೆ ಪ್ರತಿ ಜಾತಿಯ ಪ್ರಾಣಿಯಲ್ಲಿ ಒಂದು ಜೋಡಿ ಎಂದಿದೆ. ಕೆಲವೇ ಸಾಲುಗಳ ನಂತರ ಶುದ್ಧ ಪ್ರಾಣಿಗಳಲ್ಲಿ ಏಳೇಳು. ಮಳೆ 40 ದಿನ, ನೀರಿನ ಅಬ್ಬರ 150 ದಿನ. ಎರಡು ಕಡೆಯಿಂದ ಬಂದ ಕಥನಗಳನ್ನು ಯಾರೋ ಒಂದಾಗಿ ಹೆಣೆದಿದ್ದಾರೆ ಎಂದು ವಿದ್ವಾಂಸರು ಹೇಳುತ್ತಾರೆ. ಹೆಣೆದವರು ಕುರುಡರಾಗಿರಲಿಲ್ಲ, ವ್ಯತ್ಯಾಸ ಕಂಡೂ ಎರಡನ್ನೂ ಉಳಿಸಿಕೊಂಡರು.

ಇದು ಕ್ರೈಸ್ತರಿಗೆ ಹೊಸ ಮಾತೂ ಅಲ್ಲ. ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟಿನರು ಇದೇ ನಾವೆಯ ಬಗ್ಗೆ ಬರೆಯುತ್ತ, ಬರೀ ಚರಿತ್ರೆ ಎನ್ನುವವರನ್ನೂ ಬರೀ ಸಂಕೇತ ಎನ್ನುವವರನ್ನೂ ಒಟ್ಟಿಗೆ ಆಕ್ಷೇಪಿಸಿದ್ದರು. ಇಂಗ್ಲೆಂಡಿನ ಆಡಮ್ ಸೆಜ್‌ವಿಕ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಬಂಡೆಕಲ್ಲು, ಗೊರಜುಗಳ ರಾಶಿಯನ್ನು ನೋಹನ ಪ್ರಳಯದ ಗುರುತೆಂದು ನಂಬಿದ್ದವರು, 1831ರಲ್ಲಿ ಭೂವಿಜ್ಞಾನ ಸಂಘದ ಅಧ್ಯಕ್ಷ ಪೀಠದಿಂದಲೇ ತಾನು ತಪ್ಪಿದ್ದೆ ಎಂದು ಒಪ್ಪಿಕೊಂಡರು. ದೇವರನ್ನು ಬಿಡಲಿಲ್ಲ, ತಪ್ಪನ್ನು ಬಿಟ್ಟರು.

ಹಾಗಾದರೆ ನಾನು ಹೇಳಿದಂತೆ ಬರೀ ಕಟ್ಟುಕಥೆಯೇ? ಅದೂ ಅಲ್ಲ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮಿನ ಜಾರ್ಜ್ ಸ್ಮಿತ್ ಒಂದು ಮಣ್ಣಿನ ಹಲಗೆಯಲ್ಲಿ ನಾವೆ, ನೆರೆ, ಹಾರಿಬಿಟ್ಟ ಪಾರಿವಾಳ ಎಲ್ಲವನ್ನೂ ಓದಿದರು. ಅದು ಮೆಸೊಪೊಟೇಮಿಯದ ಗಿಲ್ಗಮೇಶನ ಕಥೆ. ಅದೇ ನಾಡಿನ ಇನ್ನೊಂದು ಹಳೆಯ ಕಥೆಯಲ್ಲಿ ಮನುಷ್ಯರ ಗದ್ದಲದಿಂದ ನಿದ್ದೆಗೆಟ್ಟ ದೇವತೆ ನೆರೆ ಕಳುಹಿಸುತ್ತಾನೆ. ನಮ್ಮ ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈಗೆ ಮೀನು ಸಿಗುವ ಕಥೆಯಲ್ಲಿ ಯಾರ ಪಾಪದ ಪ್ರಸ್ತಾಪವೂ ಇಲ್ಲ. ನೀರು ಬಂತು, ಅಷ್ಟೇ. ಟೈಗ್ರಿಸ್, ಯೂಫ್ರಟೀಸ್ ಬಯಲಿನ ಶುರುಪ್ಪಾಕ್ ಎಂಬ ಊರನ್ನು ಅಗೆದಾಗ ಸುಮಾರು 5,000 ವರ್ಷ ಹಿಂದಿನ ನೆರೆಯ ಮಣ್ಣಿನ ಪದರ ನಿಜಕ್ಕೂ ಸಿಕ್ಕಿದೆ. ಅದು ಇಡೀ ಭೂಮಿಯ ನೆರೆಯಲ್ಲ, ಒಂದು ನದಿಬಯಲಿನದು. ಬೈಬಲಿನಲ್ಲಿ 'ಭೂಮಿ' ಎಂದಿರುವ ಹೀಬ್ರೂ ಶಬ್ದಕ್ಕೆ 'ನಾಡು' ಎಂಬ ಅರ್ಥವೂ ಉಂಟು.

ನನ್ನ ತಾಯಿ ಸಾಯುವವರೆಗೂ ಎಪ್ಪತ್ತನಾಲ್ಕರ ನೆರೆಯಲ್ಲಿ ಲೋಕವೇ ಮುಳುಗಿತ್ತು ಎನ್ನುತ್ತಿದ್ದರು. ಅವರ ಲೋಕ ಎಂದರೆ ಪಾಣೆಮಂಗಳೂರಿನಿಂದ ಬಂಟ್ವಾಳದವರೆಗೆ, ನೇತ್ರಾವತಿಯ ಎರಡು ದಡ. ಅವರ ಹಿರಿಯರಿಗೆ ಅದು 1923ರ ಮಾರಿಬೊಳ್ಳ. ತಿರುವಿದಾಂಕೂರಿನವರಿಗೆ 'ತೊಂಬತ್ತೊಂಬತ್ತರ ವೆಳ್ಳಪ್ಪೊಕ್ಕಂ', ಕೊಲ್ಲವರ್ಷ 1099, ನಮ್ಮ ಲೆಕ್ಕದಲ್ಲಿ 1924. ತಾಯಿಯ ಮಾತನ್ನು ಸುಳ್ಳೆಂದು ನಾನು ಯಾವತ್ತೂ ತಿದ್ದಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ನಾಚಿಸಿತು. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳಿದ್ದೇನೆ, ಒಮ್ಮೆಯೂ 'ಕಟ್ಟುಕಥೆ' ಎಂದು ಆರಂಭಿಸಲಿಲ್ಲ. ನಮ್ಮದು ಪುರಾಣ, ಅವರದು ಕಟ್ಟುಕಥೆ! ಭಾಷೆಯ ವಿಷಯದಲ್ಲಿ ಅಲ್ಪಸಂಖ್ಯಾತರೆಂದು ದಿನವೂ ನೊಂದುಕೊಳ್ಳುವ ನನ್ನ ನಾಲಿಗೆಗೆ ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ.

ಪೆಟ್ಟಗದ ಮಾತಿಗೆ ಬಾಲವೊಂದಿದೆ. ಬ್ರಿಟಿಷ್ ಮ್ಯೂಸಿಯಮಿನ ಇರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಹಲಗೆಯೊಂದರಲ್ಲಿ, ಸುಮಾರು 3,700 ವರ್ಷ ಹಳೆಯದು, ಪ್ರಳಯದ ನಾವೆಯನ್ನು ಕಟ್ಟುವ ಕ್ರಮವೇ ಇದೆ. ಅದು ದುಂಡನೆಯದು! ಹಗ್ಗ ಸುತ್ತಿ ಹೆಣೆದು ಅರಗು ಬಳಿದ ದೊಡ್ಡ ಬುಟ್ಟಿ. ನಮ್ಮ ಹರಿಗೋಲು, ಮಲಯಾಳಿಗಳ ಕೊಟ್ಟವಂಜಿ. ಅದನ್ನು ಚಿಕ್ಕದಾಗಿ ಕಟ್ಟಿ ನೋಡಲು ಅವರು ಆರಿಸಿಕೊಂಡ ಜಾಗ ಕೇರಳ. ಒಳಗೆ ನೀರು ಒಸರಿದರೂ ತೇಲಿತು. ಇದನ್ನು ಕೇಳಿ ನಮ್ಮ ಮಾಷ್ ಎರಡು ದಿನ ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ನಡೆದರು.

ಮರುವಾರ ಹುಡುಗಿಯನ್ನು ಕರೆದೆ. "ಅಂದು ನಾನು ಹೇಳಿದ್ದು ಅರ್ಧ" ಎಂದೆ. ಇಡೀ ಭೂಮಿ ಮುಳುಗಿರಲಿಲ್ಲ, ಒಂದು ನಾಡು ಮುಳುಗಿತ್ತು, ಉಳಿದವರು ಕಾರಣ ತಿಳಿಯದೆ ದೇವರ ಕೋಪ ಎಂದುಕೊಂಡರು ಎಂದು ಬಿಡಿಸಿ ಹೇಳಿದೆ. ನಮಗೆ ಕಾರಣ ಗೊತ್ತು: ಆಗಸ್ಟ್ 1ರಿಂದ 19ರ ಒಳಗೆ ಕೇರಳದಲ್ಲಿ ಬೀಳಬೇಕಾದ ಮಳೆ ಸುಮಾರು 288 ಮಿಲಿಮೀಟರ್, ಬಿದ್ದದ್ದು 759. ಅಣೆಕಟ್ಟುಗಳು ತುಂಬಿ ಬಾಗಿಲು ತೆರೆದರು. ಅದರಲ್ಲಿ ಅಮ್ಮಚ್ಚಿಯ ಪಾಪ ಎಲ್ಲಿಯೂ ಇಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದರೆ ಪೆಟ್ಟಗದ ಹೊರಗಿದ್ದ ಮಕ್ಕಳು?"

"ನನಗೆ ಗೊತ್ತಿಲ್ಲ ಮೋಳೇ" ಎಂದೆ. ಅಕ್ಷರಶಃ ಓದುವವರು ಉತ್ತರಿಸಬೇಕಾದ ಪ್ರಶ್ನೆ ಅದು; ಅವರು ಉತ್ತರಿಸಿದ್ದನ್ನು ನಾನು ಕಂಡಿಲ್ಲ.

"ಅಮ್ಮಚ್ಚಿ ಮನೆಗೆ ಹೋದರು" ಎಂದಳು. "ಒಳಗೆಲ್ಲ ಮೊಣಕಾಲುದ್ದ ಕೆಸರಂತೆ. ಅಕ್ಕಿ ಸಾಕು, ಹಿಡಿಸೂಡಿ ಇದ್ದರೆ ಕಳುಹಿಸಲಿ ಎಂದಿದ್ದಾರೆ."

ನಾನು ಪಟ್ಟಿಯ ಕೊನೆಗೆ ಹಿಡಿಸೂಡಿ ಎಂದು ಬರೆದುಕೊಂಡೆ.