ಭಾರದ ಗೆರೆ

ನಮ್ಮವ್ವ ಧಣಿಯ ಗದ್ದೆಗೆ ಗೊಬ್ಬರ ಹೊತ್ತವಳು. ಮಕ್ಕರಿ ತುಂಬಿದ ಮೇಲೂ "ಇನ್ನೊಂದು ಸನಿಕೆ ಹಾಕ್ರೋ, ಏನಾಗಲ್ಲ" ಅನ್ನುವ ದನಿ ಬರುತ್ತಿತ್ತು. ಬದುವಿನ ಮೇಲೆ ಕೊಡೆ ಹಿಡಿದು ನಿಂತವರ ದನಿ ಅದು. ಹೊತ್ತವರ ಬಾಯಿಂದ ಅಂಥ ಮಾತು ನಾವು ಕೇಳಿಲ್ಲ.

ಅಮೆರಿಕದ ಒಂದು ಹಡಗಿನ ಕಥೆ ಓದುವಾಗ ನಮಗೆ ಅದೇ ದನಿ ಕೇಳಿಸಿತು. ಕಡಲಿನ ಹಡಗಲ್ಲ, ಸುಪೀರಿಯರ್ ಎಂಬ ಸರೋವರದ ಹಡಗು. ದಡದಲ್ಲಿ ನಿಂತರೆ ಆಚೆ ದಡ ಕಾಣದಷ್ಟು ದೊಡ್ಡ ನೀರು ಅದು. 1958ರಲ್ಲಿ ನೀರಿಗಿಳಿದ, 729 ಅಡಿ ಉದ್ದದ ಈ ಹಡಗಿನ ಹೆಸರು ಎಡ್ಮಂಡ್ ಫಿಟ್ಜ್‌ಜೆರಾಲ್ಡ್. ಅದರ ಒಡೆತನವಿದ್ದ ವಿಮಾ ಕಂಪನಿಯ ಮುಖ್ಯಸ್ಥನ ಹೆಸರೇ ಅದು.

ಕೆಲಸ ಒಂದೇ. ಕಬ್ಬಿಣದ ಅದಿರಿನ ಉಂಡೆ ತುಂಬಿಕೊಳ್ಳೋದು, ಡೆಟ್ರಾಯಿಟ್, ಟೊಲಿಡೊ ಕಡೆಗೆ ಒಯ್ದು ಸುರಿಯೋದು, ಮತ್ತೆ ತಿರುಗಿ ಬರೋದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ತನಕ ಇದೇ ತಿರುಗಾಟ. ಅದಿರು ಸುರಿಯುವ ಬಾಯಿಗಳು 21. ಒಂದೊಂದರ ಉಕ್ಕಿನ ಮುಚ್ಚಳಕ್ಕೂ 68 ಕ್ಲಾಂಪು. ಕೂಡಿದರೆ 1,428. ಬಿಗಿಯಬೇಕಾದದ್ದು ಆಳಿನ ಕೈ.

ಇಷ್ಟಕ್ಕಿಂತ ಆಳಕ್ಕೆ ಹಡಗು ಮುಳುಗಬಾರದು ಅಂತ ಅದರ ಮೈಮೇಲೆ ಒಂದು ಗೆರೆ ಇರುತ್ತದೆ. 1969ರಿಂದ 1973ರೊಳಗೆ ಕೋಸ್ಟ್ ಗಾರ್ಡ್ ಆ ನಿಯಮ ಸಡಿಲಿಸಿತು. ಹಡಗು ಮೊದಲಿಗಿಂತ 3 ಅಡಿಗೂ ಹೆಚ್ಚು ಆಳಕ್ಕೆ ಕೂರುವಷ್ಟು ಭಾರ ತುಂಬಬಹುದಾಯಿತು. ಇನ್ನೊಂದು ಸನಿಕೆ, ಏನಾಗಲ್ಲ!

1975ರ ನವೆಂಬರ್ 9ರಂದು 26,000 ಟನ್ನಿಗೂ ಮಿಕ್ಕಿದ ಅದಿರು ಹೊತ್ತು ಹೊರಟಿತು. ಮರುದಿನ ಬಿರುಗಾಳಿ. ಸಂಜೆ, ಹಿಂದೆ ಬರುತ್ತಿದ್ದ ಹಡಗು ರೇಡಿಯೋದಲ್ಲಿ ವಿಚಾರಿಸಿದಾಗ ಕಪ್ತಾನ ಹೇಳಿದ್ದು, ಹೇಗೋ ತಡಕೊಂಡಿದ್ದೀವಿ ಅಂತ. ಆಮೇಲೆ ಮಾತಿಲ್ಲ. 29 ಜನ ಹೋದರು. ಒಂದು ಹೆಣವೂ ದಡಕ್ಕೆ ಬರಲಿಲ್ಲ.

ಹೇಗೆ ಮುಳುಗಿತು ಅನ್ನುವ ವಾದ ಮುಗಿದಿಲ್ಲ. ಮುಚ್ಚಳಗಳ ಮೂಲಕ ನೀರು ನುಗ್ಗಿತು ಅಂತ 1977ರಲ್ಲಿ ಕೋಸ್ಟ್ ಗಾರ್ಡ್ ವರದಿ. ಅಲ್ಲ, ನೀರೊಳಗಿನ ದಿಬ್ಬ ತಾಗಿತು ಅಂತ ಹಡಗು ಕಂಪನಿಗಳ ಸಂಘ. ಮುಚ್ಚಳ ಬಿಗಿದವರು ಮಾತ್ರ ಸಾಕ್ಷಿ ಹೇಳಲು ಉಳಿದಿರಲಿಲ್ಲ.

1995ರಲ್ಲಿ ಹಡಗಿನ ಗಂಟೆಯನ್ನು ಮೇಲೆತ್ತಿ, ಅದರ ಜಾಗಕ್ಕೆ ಆ 29 ಹೆಸರು ಕೆತ್ತಿದ ಹೊಸ ಗಂಟೆ ಇಳಿಸಿದರು. ಧಣಿಯ ಹೆಸರು ಮೊದಲ ದಿನವೇ ಹಡಗಿನ ಮೇಲೇರಿತ್ತು. ದುಡಿದವರ ಹೆಸರು ಅದೇ ಹಡಗು ಸೇರಲು ಸತ್ತು 20 ವರ್ಷ ಬೇಕಾಯಿತು, ಅದೂ ನೀರಿನ ತಳದಲ್ಲಿ.

ನಮ್ಮವ್ವ ಒಂದಿನ ತುಂಬಿದ ಮಕ್ಕರಿ ಮೇಲೆ ಕೈ ಅಡ್ಡ ಇಟ್ಟು "ಸಾಕು" ಅಂದಳು. ಆ ವಾರದ ಕೂಲಿ ಹೋಯಿತು, ಕುತ್ತಿಗೆ ಉಳಿಯಿತು. ಹೊರುವವರೇ ಎಳೆದ ಗೆರೆ ಅಂದರೆ ನಮಗೆ ಇವತ್ತಿಗೂ ಆ ಕೈಯೇ.